ಬರಿಗಬ್ಬಿಣದ ಸಾರ್

ಆ ಸಾರ್ ಅವರನ್ನು ತಂತಿಯಕ್ಕ ಮೊದಲು ನೋಡಿದ ದಿನ ಅವಳ ಅಂಗಡಿಯಲ್ಲಿ ಸುಟ್ಟುಹೋದ ನೀರಿನ ಪಂಪು ಮೂರಿದ್ದವು. ಮೂರನ್ನೂ ಸಂಜೆಯೊಳಗೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಳು. ಗಂಡ ತೀರಿಹೋಗಿ ಆಗ ಆರು ವರ್ಷ. ಅವನು ಬಿಟ್ಟುಹೋದದ್ದು ಆ ಹತ್ತಡಿ ಅಂಗಡಿ, ಕೈಯಲ್ಲಿ ತಿರುಗಿಸುವ ಒಂದು ಸುತ್ತುಯಂತ್ರ, ಮತ್ತೆ ಸುಟ್ಟ ಮೋಟಾರನ್ನು ಬಿಚ್ಚಿ ಹೊಸ ತಂತಿ ಸುತ್ತಿ ಎಬ್ಬಿಸಿ ಕೂರಿಸುವ ವಿದ್ಯೆ. ಓದು ಬರಹ ಅವಳಿಗೆ ಅಷ್ಟಕ್ಕಷ್ಟೆ. ಅಂಕಿ ಬರುತ್ತಿತ್ತು, ಸಹಿ ಬರುತ್ತಿತ್ತು, ಅಂಗಡಿ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದಳು. ಸುತ್ತು ಎಣಿಸುವುದಕ್ಕೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಹತ್ತು ಸುತ್ತಾದರೆ ಒಂದು ವಾಷರನ್ನು ಎಡಗಡೆ ಬಟ್ಟಲಿಂದ ತೆಗೆದು ಬಲಗಡೆ ಬಟ್ಟಲಿಗೆ ಹಾಕುವಳು. ಯಾರು ಮಾತಾಡಿಸಿದರೂ ಲೆಕ್ಕ ತಪ್ಪುತ್ತಿರಲಿಲ್ಲ. ಆದರೂ ಮಾತಾಡಿಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಬಂದವರು ಹೊಸ್ತಿಲ ಆಚೆಯೇ ನಿಂತರು. ನಲವತ್ತೈದರ ಆಸುಪಾಸು. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಸುತ್ತಿದ್ದರು. ಟವೆಲಿನಲ್ಲಿ ಮುಚ್ಚಿದ ಏನನ್ನೋ ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಿದ್ದರು. ಪಕ್ಕದ ಲೇತ್ ಅಂಗಡಿಯವನು ತನ್ನ ಯಂತ್ರ ನಿಲ್ಲಿಸಿ ಕತ್ತು ಹೊರಗೆ ಹಾಕಿ, "ಸಾರ್, ಹೆರಿಗೆ ಆಸ್ಪತ್ರೆ ಆ ಕಡೆ ರಸ್ತೇಲಿ" ಎಂದ. ಬಂದವರು ನಗಲಿಲ್ಲ. ನಿಜವಾಗಿಯೂ ದಾರಿ ತೋರಿಸುತ್ತಿದ್ದಾನೆ ಎಂದುಕೊಂಡು, ಇಲ್ಲಪ್ಪ, ನಾನು ಇಲ್ಲಿಗೇ ಬಂದದ್ದು ಎಂದು ಉತ್ತರ ಕೊಟ್ಟರು.

ಟವೆಲು ಬಿಚ್ಚಿದಾಗ ಅವಳಿಗೆ ಕಂಡದ್ದು ಕಬ್ಬಿಣದ ಒಂದು ಗಡ್ಡೆ. ತೆಳು ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ್ದು. ನಾಲ್ಕು ಕಡೆ ನಾಲ್ಕು ಕೊಂಬು, ನಡುವೆ ಶಾಫ್ಟು ತೂರಿಸುವ ತೂತು. ಮೋಟಾರಿನ ಒಳಗೆ ತಿರುಗುವ ಭಾಗ ಅದು, ರೋಟರು. ಬ್ಯಾಟರಿಯಲ್ಲಿ ಓಡುವ ಗಾಡಿಗಳ ಮೋಟಾರು ಆಗಲೇ ಒಂದೆರಡು ಅವಳ ಕೈಗೆ ಬಂದಿದ್ದವು. ಅವುಗಳ ರೋಟರಿಗೆ ಅಯಸ್ಕಾಂತದ ತುಂಡು ಅಂಟಿಸಿರುತ್ತಾರೆಂದು ಗೊತ್ತಿತ್ತು. ಸ್ಪ್ಯಾನರು ಹತ್ತಿರ ತಂದರೆ ಕಿತ್ತುಕೊಳ್ಳುವಷ್ಟು ಜೋರಿನವು. ಇದರಲ್ಲಿ ಆ ತುಂಡು ಎಲ್ಲಿ ಎಂದು ಕೇಳಿದಳು.

"ಇದಕ್ಕೆ ಮ್ಯಾಗ್ನೆಟ್ಟೇ ಇಲ್ಲಮ್ಮ" ಎಂದರು ಅವರು. "ನೀವು ಸುತ್ತೋ ತಂತಿಗೆ ಕರೆಂಟ್ ಕೊಟ್ರೆ ಈ ಕಬ್ಬಿಣಾನೇ ಮ್ಯಾಗ್ನೆಟ್ ಆಗುತ್ತೆ. ಕರೆಂಟ್ ತೆಗೆದ್ರೆ ಮತ್ತೆ ಬರೀ ಕಬ್ಬಿಣ."

"ಅಂದ್ರೆ ಕೆಲಸ ಇದ್ದಾಗ ಮಾತ್ರ ಮೈಯಲ್ಲಿ ಕಸುವು. ನಮ್ಮ ಜಾತಿಯದೇ ಬಿಡಿ" ಎಂದ ಲೇತ್‌ನವನು. ಅವತ್ತಿನಿಂದ ಆ ಬೀದಿಯಲ್ಲಿ ಅವರಿಗೆ ಬರಿಗಬ್ಬಿಣದ ಸಾರ್ ಎಂದೇ ಹೆಸರಾಯಿತು. ಅವರಿಗೂ ಅದು ಗೊತ್ತಿತ್ತು. ಬೇಜಾರು ಮಾಡಿಕೊಂಡದ್ದನ್ನು ಯಾರೂ ನೋಡಲಿಲ್ಲ.

ಒಂದೊಂದು ಕೊಂಬಿಗೂ ತೊಂಬತ್ತಾರು ಸುತ್ತು ಬೇಕು. ತಂತಿಯ ಪಕ್ಕ ತಂತಿ ಕೂರಬೇಕು, ಒಂದು ಇನ್ನೊಂದರ ಮೇಲೆ ಅಡ್ಡ ಹಾಯಬಾರದು. ಇಷ್ಟು ಹೇಳಿ ಅವರು ಬಕೆಟ್ಟು ಬೋರಲು ಹಾಕಿಕೊಂಡು ಎದುರಿಗೇ ಕೂತರು. ಮೊದಲ ಕೊಂಬು ಮುಗಿಯುವುದರೊಳಗೆ ಮೂರು ಸಲ ಏನೋ ಹೇಳಲು ಬಾಯಿ ತೆರೆದರು. ನಾಲ್ಕನೇ ಸಲ ತೆರೆದಾಗ ತಂತಿಯಕ್ಕ ಕೈ ನಿಲ್ಲಿಸದೆ, "ಸಾರ್, ನೀವು ಉಸಿರು ಬಿಡೋದೂ ನನಗೆ ಕೇಳಿಸ್ತಿದೆ. ಸ್ವಲ್ಪ ಆಚೆ ಹೋಗಿ ಬಿಡಿ" ಎಂದಳು. ಅವರು ಎದ್ದು ಹೋಗಿ ರಸ್ತೆಯಲ್ಲಿ ನಿಂತರು. ಬಿಸಿಲಿಗೆ ಒಂದೂವರೆ ಗಂಟೆ ನಿಂತೇ ಇದ್ದರು.

ಮುಗಿದ ಮೇಲೆ ಕಿಸೆಯಿಂದ ಪುಟ್ಟ ತಕ್ಕಡಿ ತೆಗೆದರು, ಚಿನ್ನ ತೂಗುವಂಥದ್ದು. ನಾಲ್ಕೂ ಸುರುಳಿಗೆ ಎಷ್ಟೆಷ್ಟು ತಂತಿ ಹೋಯಿತೆಂದು ಒಂದೊಂದಕ್ಕೂ ಬೇರೆ ಬೇರೆ ತೂಗಿ ತಂದಿದ್ದ ತಂತಿಯಲ್ಲಿ ಉಳಿದದ್ದನ್ನು ತೂಗಿ ಕಳೆದು ನೋಡಿದರು. ಮತ್ತೆ ತೂಗಿದರು. ವ್ಯತ್ಯಾಸ ಒಂದು ಬೆರಳುದ್ದದ ತಂತಿಯಷ್ಟೂ ಇರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಅಕ್ಕ, ನೀವು ನನ್ನ ಶೆಡ್ಡಿಗೆ ಬಂದು ಕೆಲಸ ಮಾಡ್ತೀರಾ ಎಂದು ಕೇಳಿದರು. ಅಮ್ಮ ಎಂದು ಶುರು ಮಾಡಿದವರು ಅಕ್ಕನಿಗೆ ಬಂದರು. ಪಂಪು ಅವತ್ತು ಒಂದೇ ಮುಗಿದದ್ದು. ಉಳಿದೆರಡರವರು ಬಂದು ಬಾಯಿಗೆ ಬಂದ ಹಾಗೆ ಅಂದು ಹೋದರು.

ಹಳೇ ಐಸ್ ಕಾರ್ಖಾನೆಯ ಹಿಂದುಗಡೆ ಇತ್ತು ಅವರ ಶೆಡ್ಡು. ತಗಡಿನ ಸೂರು, ಸಿಮೆಂಟು ನೆಲ, ಗೋಡೆಯ ತುಂಬ ನಕ್ಷೆಗಳು. ನಡುವೆ ಒಂದು ಗುಂಡಿ ತೆಗೆದು ಸುತ್ತ ಬೆರಳಗಲ ದಪ್ಪದ ಉಕ್ಕಿನ ಹಾಳೆ ನಿಲ್ಲಿಸಿದ್ದರು. ಅದರ ಹಿಂದೆ ಮರಳುಮೂಟೆ. ತಿರುಗುವಾಗ ರೋಟರು ಒಡೆದರೆ ಚೂರು ಅಲ್ಲೇ ನಿಲ್ಲಬೇಕು. ಮೂಲೆಯಲ್ಲಿ ಓವನ್ನು. ಅಂಗಡಿ ಬಿಡದೆ, ವಾರಕ್ಕೆ ನಾಲ್ಕು ದಿನ ತಂತಿಯಕ್ಕ ಅಲ್ಲಿಗೆ ಹೋಗತೊಡಗಿದಳು. ಅವಳು ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನಲ್ಲಿ ಕೂತು ಸೊಂಟ ಹಿಡಿದುಕೊಂಡದ್ದನ್ನು ಅವರು ಒಂದೇ ಸಲ ನೋಡಿದ್ದು. ಮಾರನೇ ದಿನ ಬೆನ್ನಿರುವ ಕುರ್ಚಿ ಬಂದಿತ್ತು. ಕಾಲು ಕೊಯ್ದು ಅವಳ ಎತ್ತರಕ್ಕೆ ಮಾಡಿಸಿದ್ದರು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ತಮಗೆ ಮಾತ್ರ ಕುರ್ಚಿ ಇಟ್ಟುಕೊಳ್ಳಲಿಲ್ಲ. ಊಟವನ್ನೂ ನಿಂತೇ ಮಾಡುವರು, ನಕ್ಷೆಯ ಎದುರು, ತುತ್ತು ಬಾಯಿಗೆ ಹೋಗುತ್ತಿದೆಯೋ ಗಲ್ಲಕ್ಕೆ ಹೋಗುತ್ತಿದೆಯೋ ಗೊತ್ತಿಲ್ಲದೆ.

ಮನೆಯಲ್ಲಿ ಅವರಿಗೆ ಇದ್ದವಳು ತಂಗಿ ಒಬ್ಬಳೇ. ಟೈಲರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು. ಇಬ್ಬರೂ ಮದುವೆಯಾಗಿರಲಿಲ್ಲ. ಯಾಕೆ ಎಂದು ತಂತಿಯಕ್ಕ ಕೇಳಿದವಳಲ್ಲ. ತಂಗಿಯೇ ಒಮ್ಮೆ, ಅಣ್ಣನಿಗೆ ಹೆಣ್ಣು ತೋರಿಸಲು ಕರೆದುಕೊಂಡು ಹೋದರೆ ಆ ಮನೆಯ ಫ್ಯಾನು ಬಿಚ್ಚಿ ಕೂತಿದ್ದ ಎಂದು ಹೇಳಿ, ನಗದೆ ಸೂಜಿಗೆ ದಾರ ಪೋಣಿಸಿದಳು.

ಮ್ಯಾಗ್ನೆಟ್ಟಿನ ಮೇಲೆ ಯಾಕೆ ಇಷ್ಟು ಹಗೆ ಎಂದು ಲೇತ್‌ನವನು ಒಂದು ದಿನ ಕೇಳಿದ್ದಕ್ಕೆ ಅವರು ಹೇಳಿದರು. ಹಿಂದೆ ದೊಡ್ಡ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಗಾಡಿಯ ಮೋಟಾರು ವಿನ್ಯಾಸ ಮಾಡುತ್ತಿದ್ದರಂತೆ. ಆ ಮೋಟಾರಿಗೆ ಬೇಕಾದ ಅಯಸ್ಕಾಂತ ಸಮುದ್ರದಾಚೆಯ ಒಂದೇ ಒಂದು ಕಡೆಯಿಂದ ಬರುತ್ತಿತ್ತು. ಒಂದು ವರ್ಷ ಅದು ನಾಲ್ಕು ತಿಂಗಳ ಕಾಲ ಬರಲೇ ಇಲ್ಲ. ಇನ್ನೂರು ಜನರನ್ನು ಮನೆಗೆ ಕಳಿಸಿದರು. ಕೊನೆಗೆ ಅವರನ್ನೂ. ನಕ್ಷೆಯಲ್ಲಿ ಆ ಅಯಸ್ಕಾಂತವನ್ನು ಬರೆದವರು ಅವರೇ. ಬೇರೆ ದಾರಿ ಇದೆ ಎಂದು ಆಗಲೇ ಗೊತ್ತಿತ್ತಂತೆ, ಕಷ್ಟದ್ದು ಎಂದು ಬಿಟ್ಟಿದ್ದರಂತೆ. "ಇನ್ನೂರು ಜನರ ಊಟ ಕಿತ್ತದ್ದು ನನ್ನ ಪೆನ್ಸಿಲ್ಲು" ಎಂದರು.

ಆ ಕಷ್ಟ ಎಂಥದ್ದು ಎಂದು ತಂತಿಯಕ್ಕನಿಗೆ ಅವರು ದಾರಕ್ಕೆ ಬೋಲ್ಟು ಕಟ್ಟಿ ತೋರಿಸಿದರು. ನಿಧಾನ ತಿರುಗಿಸಿದರೆ ಬೋಲ್ಟು ಸಾಧು. ಜೋರಾಗಿ ತಿರುಗಿಸಿದರೆ ಬೆರಳು ಕತ್ತರಿಸುವ ಹಾಗೆ ದಾರ ಎಳೆಯುತ್ತದೆ. ಗಾಡಿಯ ಮೋಟಾರು ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ತಿರುಗಬೇಕು. ಆ ವೇಗದಲ್ಲಿ ಅವಳು ಸುತ್ತಿದ ಕಾಲು ಕಿಲೋ ಸುರುಳಿ ಎರಡು ಟನ್ ಭಾರವಾಗಿ ಹೊರಗೆ ಹಾರಲು ನೋಡುತ್ತದೆ. ಅಂಟಿಸಿದ ಅಯಸ್ಕಾಂತಕ್ಕಿಂತ ಸುತ್ತಿದ ತಂತಿಯನ್ನು ಹಿಡಿದಿಡುವುದು ಕಷ್ಟ, ಯಾಕೆಂದರೆ ತಂತಿ ಒಂದಲ್ಲ, ನೂರಾರು. ಒಂದು ಕದಲಿದರೆ ಪಕ್ಕದ್ದು ಕದಲುತ್ತದೆ. ಕೊಂಬುಗಳ ನಡುವೆ ಹೊಡೆದ ಬೆಣೆ ಹೊರಗಿನಿಂದ ಹಿಡಿಯುತ್ತದೆ. ತಂತಿಗಳ ಸಂದಿಗೆ ಇಳಿದು ಓವನ್ನಿನಲ್ಲಿ ಬೆಂದು ಕಲ್ಲಾಗುವ ವಾರ್ನಿಷ್ ಒಳಗಿನಿಂದ ಹಿಡಿಯುತ್ತದೆ. ಎರಡರಲ್ಲಿ ಒಂದು ಕೈಕೊಟ್ಟರೂ ಮುಗಿಯಿತು.

ವಾರ್ನಿಷ್ ಬೇಯಿಸುವುದಕ್ಕೆ ಅವರದ್ದೊಂದು ಕಟ್ಟುನಿಟ್ಟು ಇತ್ತು. ಓವನ್ನು ಹಚ್ಚಿದಾಗಿನಿಂದಲ್ಲ, ಒಳಗಿನ ಕಬ್ಬಿಣ ಪೂರ್ತಿ ಕಾದ ಮೇಲಿಂದ ಎಂಟು ಗಂಟೆ. ಕಾಯಲು ಒಂದೂವರೆ ಗಂಟೆ ಬೇಕು, ಅದು ಲೆಕ್ಕಕ್ಕಿಲ್ಲ. ನಡುವೆ ಓವನ್ನು ಆರಿದರೆ ಮತ್ತೆ ಮೊದಲಿಂದ. ಇದನ್ನು ಓವನ್ನಿನ ಬಾಗಿಲ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದು ಅವಳಿಗೆ ಎರಡು ಸಲ ಓದಿ ಹೇಳಿದ್ದರು. ಗಂಡನ ಕಾಲದಲ್ಲಿ ಅಂಗಡಿಯಲ್ಲಿ ಹಾಗಿರಲಿಲ್ಲ. ಕರೆಂಟು ಹೋದರೆ ಮುಂಚಿನ ಗಂಟೆಗೆ ಆಮೇಲಿನ ಗಂಟೆ ಕೂಡಿಸಿಕೊಳ್ಳುವುದೇ ಪದ್ಧತಿ. ಪಂಪಿನ ಮೋಟಾರಿಗೆ ಅದರಿಂದ ಯಾವತ್ತೂ ಏನೂ ಆದದ್ದಿಲ್ಲ. ಬೀದಿಯ ಅಷ್ಟೂ ವೈಂಡಿಂಗ್ ಅಂಗಡಿಯವರು ಮಾಡುತ್ತಿದ್ದದ್ದು ಹಾಗೇ.

ಏಳು ವರ್ಷದಲ್ಲಿ ಎಂಟು ರೋಟರು ಆದವು. ಮೊದಲನೆಯದು ಹೊಗೆಯಾಡಿತು. ಮೂರನೆಯದು ಎಷ್ಟು ಅರಚುತ್ತಿತ್ತೆಂದರೆ ಅದನ್ನು ಹಚ್ಚಿದಾಗಲೆಲ್ಲ ಲೇತ್‌ನವನು ಕಾಗೆ ಕೂಗ್ತು, ಯಾರೋ ನೆಂಟರು ಬರ್ತಾರೆ ಎನ್ನುತ್ತಿದ್ದ. ಐದನೆಯದನ್ನು ಜನರೇಟರು ಮಾಡಿ, ಊರಾಚೆ ಕಾಲುವೆಯ ಪಕ್ಕದ ಹಿಟ್ಟಿನ ಗಿರಣಿಗೆ ಕೂರಿಸಿದರು. ನೀರು ತಿರುಗಿಸುತ್ತಿತ್ತು, ಗಿರಣಿಗೂ ಅದರ ಹಿಂದಿನ ನಾಲ್ಕು ಮನೆಗೂ ದೀಪವಾಗಿತ್ತು. ಒಂದು ದಿನವೂ ನಿಲ್ಲದೆ ಮೂರು ವರ್ಷ ಓಡಿತ್ತು. ತಂತಿಯಕ್ಕ ಆ ಕಡೆ ಹೋದಾಗಲೆಲ್ಲ ಒಳಗೆ ಹೋಗಿ ಅದರ ಮೈ ಮುಟ್ಟಿ ಬರುತ್ತಿದ್ದಳು. ಅವರಿಗೆ ಮಾತ್ರ ಸಮಾಧಾನವಿರಲಿಲ್ಲ. ಅದು ನಿಧಾನಕ್ಕೆ ತಿರುಗುವಂಥದ್ದು ಅಕ್ಕ, ಹೆಚ್ಚುಗಾರಿಕೆ ಏನಿಲ್ಲ, ಗಾಡಿಯ ವೇಗ ತಾಳಿದರೆ ಹೇಳಿ, ಎನ್ನುವರು.

ಸಾಮಾನು ಸಾಗಿಸುವ ಸಣ್ಣ ಗಾಡಿ ಮಾಡುವ ಕಂಪನಿಯವರು ನೋಡಲು ಒಪ್ಪಿದ್ದು ಒಂಬತ್ತನೆಯದನ್ನು. ಹನ್ನೆರಡು ಸಾವಿರದಲ್ಲಿ ಒಂದು ಗಂಟೆ ನಿಲ್ಲದೆ ಓಡಿದರೆ ತಮ್ಮ ಗಾಡಿಗೆ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಮೊದಲ ಸಲ ಆ ಕಂಪನಿಯವರು ಬಂದಾಗ ಹಿಂದಿನ ದಿನ ಶಾಫ್ಟಿನಲ್ಲಿ ಬಿರುಕು ಕಂಡು ಏನನ್ನೂ ತೋರಿಸಲಾಗಲಿಲ್ಲ. ಟೀ ಕುಡಿದು, ಗಡಿಯಾರ ನೋಡಿಕೊಂಡು, ಇನ್ನೊಂದೇ ಸಲ ಬರ್ತೀವಿ, ಆಮೇಲೆ ಈ ಫೈಲು ಮುಚ್ಚುತ್ತೆ ಎಂದು ಹೋದರು. ತಂಗಿ ಆ ತಾರೀಖನ್ನು ಹೊಲಿಗೆ ಯಂತ್ರದ ಮೇಲೆ ಚೀಟಿ ಅಂಟಿಸಿ ಬರೆದಿಟ್ಟಳು. ಅಣ್ಣನಿಗೆ ಐವತ್ತೆರಡು ತುಂಬಿತ್ತು. ಇದು ಹೋದರೆ ಮತ್ತೆ ನೋಡಲು ಬರುವವರು ಯಾರೂ ಇಲ್ಲ ಎಂದು ಅಣ್ಣ ತಂಗಿಗೂ ತಂತಿಯಕ್ಕನಿಗೂ ಗೊತ್ತಿತ್ತು.

ಕಂಪನಿಯವರು ಬರುವ ಹಿಂದಿನ ದಿನ. ಬೆಳಿಗ್ಗೆ ಆರಕ್ಕೆ ಓವನ್ನು ಹಚ್ಚಿದರು. ಏಳೂವರೆಗೆ ಕಬ್ಬಿಣ ಕಾದಿತ್ತು. ಅಲ್ಲಿಂದ ಎಂಟು ಗಂಟೆ ಎಂದರೆ ಮೂರೂವರೆ. ರೋಟರಿನ ಮೇಲೆ ಹಾಕುವ ಉಕ್ಕಿನ ಬಳೆಯನ್ನು ಹದ ಮಾಡಿಸಿ ತರಲು ಸಾರ್ ಪಟ್ಟಣದ ಇನ್ನೊಂದು ತುದಿಗೆ ಹೋದರು. ಸಂಜೆ ಆರಕ್ಕೆ ಅದೇ ಕಡೆಯ ದೊಡ್ಡ ವರ್ಕ್‌ಶಾಪಿನಲ್ಲಿ ರೋಟರನ್ನು ತೂಕಸಮ ಮಾಡುವ ಯಂತ್ರ ಅವರಿಗೆ ಸಿಗುವುದಿತ್ತು, ಅವತ್ತು ಬಿಟ್ಟರೆ ಹತ್ತು ದಿನ ಸಿಗುವ ಹಾಗಿರಲಿಲ್ಲ. ಐದಕ್ಕೆ ಬಂದು ರೋಟರು ಒಯ್ಯುತ್ತೇನೆ, ನೀವು ಓವನ್ನಿನ ಪಕ್ಕ ಬಿಟ್ಟು ಏಳಬೇಡಿ ಎಂದು ಹೇಳಿ ಹೋದರು.

ಅವಳು ಏಳಲಿಲ್ಲ. ಹನ್ನೊಂದಕ್ಕೆ ಕರೆಂಟು ಹೋಯಿತು.

ಮೂರೂವರೆ ಗಂಟೆ ಬೆಂದಿತ್ತು. ತಂತಿಯಕ್ಕ ಓವನ್ನಿನ ಬಾಗಿಲಿಗೆ ಹಳೇ ಗೋಣಿಗಳನ್ನೆಲ್ಲ ತಂದು ಹೊದಿಸಿದಳು. ಫೋನು ಮಾಡಲೇ ಎಂದುಕೊಂಡಳು. ಮಾಡಿದರೆ ಅವರು ಅಲ್ಲಿನ ಕೆಲಸ ಬಿಟ್ಟು ಬರುತ್ತಾರೆ, ಬಂದು ಮಾಡುವುದೇನಿದೆ. ಹನ್ನೆರಡೂವರೆಗೆ ಕರೆಂಟು ಬಂತು. ಗೋಣಿ ಸರಿಸಿ ಬಾಗಿಲು ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಬಿಸಿ ಇರಲಿಲ್ಲ. ಮತ್ತೆ ಮೊದಲಿಂದ ಎಂದರೆ ಕಾಯಲು ಒಂದೂವರೆ, ಬೇಯಲು ಎಂಟು, ರಾತ್ರಿ ಹತ್ತು ಗಂಟೆ. ಆರರ ಯಂತ್ರ ತಪ್ಪುತ್ತದೆ. ಯಂತ್ರ ತಪ್ಪಿದರೆ ನಾಳೆ ತಪ್ಪುತ್ತದೆ. ಅವಳು ಬಟ್ಟಲಿನ ವಾಷರು ತೆಗೆದು ಎಣಿಸಿದಳು. ಕರೆಂಟು ಹೋಗುವ ಮುಂಚೆ ಮೂರೂವರೆ. ಇನ್ನು ನಾಲ್ಕೂವರೆ. ಐದಕ್ಕೆ ಎಂಟು.

ಸರಿಯಾಗಿ ಐದಕ್ಕೆ ತೆಗೆದಳು. ಹೊರಮೈ ಗಾಜಿನ ಹಾಗೆ ಹೊಳೆಯುತ್ತಿತ್ತು, ಕಡ್ಡಿಯ ತುದಿ ಒತ್ತಿದರೆ ಗುರುತು ಬೀಳಲಿಲ್ಲ. ಮೂಗು ಹತ್ತಿರ ತಂದಾಗ ಮಾತ್ರ ಸಂದಿಯಿಂದ ಸಣ್ಣಗೆ ಹಸಿ ವಾಸನೆ ಬಂತು. ಪೂರ್ತಿ ಬೆಂದ ವಾರ್ನಿಷ್‌ಗೆ ವಾಸನೆ ಇರುವುದಿಲ್ಲ. ಇನ್ನೊಮ್ಮೆ ಮೂಸಿ ನೋಡುವಷ್ಟರಲ್ಲಿ ಅವರು ಬಂದುಬಿಟ್ಟರು. ಬಸ್ಸಿಳಿದು ಓಡಿ ಬಂದಿದ್ದರು, ಅಂಗಿ ಬೆನ್ನಿಗೆ ಅಂಟಿತ್ತು.

"ಎಂಟಾಯ್ತಾ ಅಕ್ಕ?"

"ಆಯ್ತು. ಎಂಟು."

ಸುಳ್ಳಲ್ಲ ಅದು. ಎಂಟು ಗಂಟೆ ನಿಮಿಷಕ್ಕೆ ನಿಮಿಷ ಸರಿಯಾಗಿತ್ತು. ಅವರು ಇನ್ನೇನೂ ಕೇಳಲಿಲ್ಲ. ಬೇರೆ ಯಾರು ಅಳೆದು ಕೊಟ್ಟದ್ದನ್ನಾದರೂ ಅವರು ಇನ್ನೊಮ್ಮೆ ಅಳೆಯುವರು, ಲೇತ್‌ನವನ ಮುಂದೆಯೇ ಅಳೆದು ಅವನ ಕೋಪಕ್ಕೆ ಸಿಕ್ಕುವರು. ಅವಳದ್ದನ್ನು ಅಳೆಯುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಟವೆಲು ಕೇಳಿ ಇಸಿದುಕೊಂಡು, ಬಿಸಿ ತಾಗದ ಹಾಗೆ ಮಡಿಸಿ ಸುತ್ತಿ, ರೋಟರು ಎತ್ತಿಕೊಂಡು ಹೋದರು.

ಮಾರನೇ ದಿನ ಹತ್ತಕ್ಕೆ ಕಂಪನಿಯವರು ಮೂವರು ಬಂದರು. ಇಬ್ಬರು ಹುಡುಗು ವಯಸ್ಸಿನ ಇಂಜಿನಿಯರುಗಳು, ಒಬ್ಬರು ನೆರೆತ ತಲೆಯ ದೊಡ್ಡ ಸಾಹೇಬರು. ರೋಟರು ಗುಂಡಿಗಿಳಿಯಿತು. ಐದು ಸಾವಿರ, ಎಂಟು ಸಾವಿರ, ಹನ್ನೆರಡು ಸಾವಿರ. ಸದ್ದು ಬರಬರುತ್ತ ಸಣ್ಣಗಾಗಿ ದಾರದ ಹಾಗೆ ನೇರ ನಿಂತಿತು. ಇಪ್ಪತ್ತು ನಿಮಿಷ ಕಳೆಯಿತು. ದೊಡ್ಡ ಸಾಹೇಬರು ಸಾರ್ ಹೆಗಲ ಮೇಲೆ ಕೈಯಿಟ್ಟು ಏನೋ ಅಂದರು, ಸಾರ್ ನಕ್ಕರು. ಏಳು ವರ್ಷದಲ್ಲಿ ತಂತಿಯಕ್ಕ ಅವರ ಹಲ್ಲು ನೋಡಿದ್ದು ಅವತ್ತೇ ಇರಬೇಕು.

ಮೂವತ್ತನಾಲ್ಕನೇ ನಿಮಿಷಕ್ಕೆ ಸದ್ದಿನಲ್ಲಿ ಎಳೆ ಬಿಟ್ಟಿತು. ಮೀಟರಿನ ಮುಳ್ಳು ಅಲುಗುವ ಮುಂಚೆಯೇ ಅದು ಅವಳ ಕಿವಿಗೆ ಬಿತ್ತು. ಸಾರ್ ಎಂದಳು. ಅಷ್ಟರಲ್ಲಿ ಗುಂಡಿಯೊಳಗೆ ಗುಡುಗಿದ ಹಾಗಾಯಿತು, ಶೆಡ್ಡಿನ ತಗಡೆಲ್ಲ ಅದುರಿತು. ಉಕ್ಕಿನ ಹಾಳೆ ತಡೆದುಕೊಂಡಿತು. ಯಾರಿಗೂ ಏನೂ ಆಗಲಿಲ್ಲ.

ಮುಚ್ಚಳ ತೆಗೆದರೆ ಒಂದು ಕೊಂಬಿನ ತಂತಿಯೆಲ್ಲ ಹೊರಗೆ ಬಂದು, ಎಣ್ಣೆ ಕಾಣದ ತಲೆಗೂದಲ ಹಾಗೆ ಕೆದರಿ ನಿಂತಿತ್ತು. ಬೆಣೆ ಮುರಿದು ಎರಡಾಗಿತ್ತು. ಸುಟ್ಟ ವಾಸನೆಗೆ ಎಲ್ಲರ ಕಣ್ಣಲ್ಲೂ ನೀರು. ತಂತಿಯಕ್ಕ ಬಾಗಿ ನೆಲದ ಮೇಲೆ ಚೆಲ್ಲಿದ ತಾಮ್ರದ ಚೂರು ಆರಿಸತೊಡಗಿದಳು. ಸುಮ್ಮನೆ ನಿಲ್ಲಲು ಆಗುತ್ತಿರಲಿಲ್ಲ ಅಷ್ಟೆ. ಚಿಕ್ಕ ಇಂಜಿನಿಯರೊಬ್ಬ ಒಳ್ಳೆಯ ಮಾತಿನಲ್ಲೇ, ವಾರ್ನಿಷ್ ಪೂರ್ತಿ ಬೆಂದಿತ್ತಾ ಸಾರ್, ಕೆಲವು ಸಲ ಒಳಗಡೆ ಹಸಿ ಉಳಿದುಬಿಡುತ್ತೆ ಎಂದು ಕೇಳಿದ.

"ಎಂಟು ಗಂಟೆ ಬೆಂದಿದೆ" ಎಂದರು ಅವರು. "ನಮ್ಮ ಅಕ್ಕ ಪಕ್ಕದಲ್ಲಿ ಕೂತು ಬೇಯಿಸಿದ್ದು. ಅದರಲ್ಲಿ ಮಾತಿಲ್ಲ. ಬೆಣೆ ಸಾಲಲಿಲ್ಲ. ನನ್ನ ಲೆಕ್ಕ ತಪ್ಪಿದೆ."

ಅವಳು ಬಾಗಿದ್ದವಳು ಬಾಗಿಯೇ ಇದ್ದಳು. ಆಗ ಹೇಳಬಹುದಿತ್ತು. ಹೇಳಿದ್ದರೆ ಆ ಹುಡುಗ ನಂಬುತ್ತಿದ್ದ, ಅವನ ಬಾಯಲ್ಲೇ ಆ ಮಾತು ಬಂದಿತ್ತಲ್ಲ. ಇನ್ನೊಂದು ರೋಟರಿಗೆ ಇನ್ನೊಂದು ದಿನ ಕೊಡುತ್ತಿದ್ದರೋ ಏನೋ. ಆದರೆ ಅಷ್ಟು ಜನರೆದುರು ಅವರು ಅವಳ ಮೇಲೆ ಆಣೆಯಿಟ್ಟ ಹಾಗೆ ಹೇಳಿಬಿಟ್ಟಿದ್ದರು. ಅವಳು ಇನ್ನೊಂದು ತಾಮ್ರದ ಚೂರು ಎತ್ತಿಕೊಂಡಳು. ಚಿಕ್ಕವನು ಪುಸ್ತಕದಲ್ಲಿ ಬರೆದುಕೊಂಡ. ಮೂವರೂ ಅವರ ಕೈ ಕುಲುಕಿ ಹೋದರು. ಮೂರು ವಾರಕ್ಕೆ ಕಾಗದ ಬಂತು. ಈ ವಿನ್ಯಾಸ ಗಾಡಿಯ ವೇಗವನ್ನು ತಾಳುವಂಥದ್ದಲ್ಲ, ವಿನ್ಯಾಸಕಾರರೇ ಒಪ್ಪಿದ್ದಾರೆ, ಎಂದು ಅದರಲ್ಲಿ ಇತ್ತಂತೆ. ತಂಗಿ ಓದಿ ಹೇಳಿದಳು.

ಸಾರ್ ಶೆಡ್ಡು ಬಿಟ್ಟರು. ತಂಗಿಯ ಬಟ್ಟೆ ಕತ್ತರಿಸುವ ಮೇಜಿನ ಅರ್ಧಭಾಗ ಅವರದ್ದಾಯಿತು. ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕಲು ಕೂತರು, ಮೊದಲ ಸಲ ಕುರ್ಚಿಯಲ್ಲಿ. ತಂತಿಯಕ್ಕ ವಾರಕ್ಕೊಂದು ಸಲ ಹೋಗುವಳು. ಹೋದಾಗಲೆಲ್ಲ ಒಂದು ಹೊಸ ತಪ್ಪು ಸಿಕ್ಕಿರುತ್ತಿತ್ತು. ಒಂದು ವಾರ ಬೆಣೆಯ ದಪ್ಪ. ಮುಂದಿನ ವಾರ, ಬೆಣೆಯಲ್ಲ ಅಕ್ಕ, ಬಳೆ. ಆಮೇಲೆ ಕಬ್ಬಿಣದ ಜಾತಿಯೇ ತಪ್ಪು. ಹುಡುಕಿದಷ್ಟೂ ಸಿಕ್ಕಿತು, ಸಿಕ್ಕಿದ್ದು ಯಾವುದೂ ಸಾಲಲಿಲ್ಲ. ಪ್ರತಿ ಸಲವೂ ಅವಳು ಇವತ್ತು ಹೇಳಿಬಿಡುತ್ತೇನೆ ಎಂದು ಹೋಗುವಳು. ಅವರು ಯಾವುದೋ ಮಾತಿಗೆ, ಸುತ್ತು ಸರಿಯಿದೆ, ಬೇಯಿಸಿದ್ದು ಸರಿಯಿದೆ, ಅಷ್ಟು ಮಾತ್ರ ಗಟ್ಟಿ, ಮಿಕ್ಕದ್ದೆಲ್ಲ ನೋಡಬೇಕು ಎನ್ನುವರು. ಆ ಗಟ್ಟಿಯನ್ನೂ ಕಿತ್ತರೆ ಈ ಮನುಷ್ಯ ಎಲ್ಲಿ ಕಾಲಿಡಬೇಕು ಎಂದುಕೊಂಡು ಹಿಂದಕ್ಕೆ ಬರುವಳು. ಅದು ಕನಿಕರವೂ ಇತ್ತು, ಹೆದರಿಕೆಯೂ ಇತ್ತು. ಯಾವುದು ಎಷ್ಟು ಎಂದು ಅವಳು ತೂಗಿ ನೋಡಲಿಲ್ಲ.

ಐದನೇ ತಿಂಗಳಲ್ಲಿ ಅವರು ಗಿರಣಿಗೆ ಹೋಗಿ ಜನರೇಟರನ್ನು ನಿಲ್ಲಿಸಿ ಬಂದರು. ಬೆಣೆಯ ಲೆಕ್ಕ ಅದರಲ್ಲೂ ಅದೇ, ನಾಳೆ ಒಡೆದು ಯಾರ ಮೈಮೇಲಾದರೂ ಬಿದ್ದರೆ ಎಂದರು. ಚೆನ್ನಾಗಿ ಓಡುತ್ತಿದೆಯಲ್ಲ ಸಾರ್ ಎಂದು ಗಿರಣಿಯವನು ಗೋಗರೆದನಂತೆ. ತಂತಿಯಕ್ಕನೂ, ಅದನ್ನ ಮತ್ತೆ ಓಡಿಸಿ ಸಾರ್, ಅದಕ್ಕೇನೂ ಆಗಲ್ಲ ಎಂದಳು. ಹೇಗೆ ಹೇಳ್ತೀರಿ ಎಂದು ಅವರು ಕತ್ತೆತ್ತಿ ಕೇಳಿದರು. ಉತ್ತರ ಗೊತ್ತಿದ್ದವಳು ಟೀ ಲೋಟ ಎತ್ತಿಕೊಂಡು ತೊಳೆಯಲು ಒಳಗೆ ಹೋದಳು. ಗಿರಣಿಯವನು ಅಯಸ್ಕಾಂತದ ಜನರೇಟರೊಂದನ್ನು ತಂದು ಕೂರಿಸಿಕೊಂಡ. ಹಳೆಯದು ಗೋಡೆಯ ಪಕ್ಕ ಬಿತ್ತು, ಅದರ ಮೇಲೆ ಹಿಟ್ಟು ಕೂತು ಬೆಳ್ಳಗಾಯಿತು.

ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮೇಜಿನ ಮುಂದೆ ಕೂತ ಹಾಗೇ ಅವರ ಕೈಯಿಂದ ಪೆನ್ಸಿಲ್ಲು ಜಾರಿತು. ಬಲಗೈ ಬಲಗಾಲು ಹೋದವು, ಮಾತು ನಿಂತಿತು. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಮಾತು ಬರುತ್ತದೆ, ತಾಳ್ಮೆ ಬೇಕು, ಎರಡನೇ ಸಲ ಹೀಗಾದರೆ ಕಷ್ಟ ಎಂದಿದ್ದರು ಡಾಕ್ಟರು. ಮೇಜಿನ ಪಕ್ಕದಲ್ಲೇ ಅವರಿಗೆ ಮಂಚ ಹಾಕಿದ್ದಳು ತಂಗಿ. ದಿನಕ್ಕೆ ನಾಲ್ಕೈದು ಮಾತು, ಅದೂ ಅಂಕಿಗಳೇ ಹೆಚ್ಚು.

ತಂತಿಯಕ್ಕ ಒಂದು ಮಧ್ಯಾಹ್ನ ಹೋದಾಗ ತಂಗಿ ಅಂಗಿಯ ತೋಳಿಗೆ ಅಳತೆಯ ಕಾಗದ ಕತ್ತರಿಸುತ್ತಿದ್ದಳು. ಕಾಗದ ದಪ್ಪಗಿತ್ತು, ಒಂದು ಬದಿಯಲ್ಲಿ ಗೆರೆಗಳಿದ್ದವು. ಒಂಬತ್ತನೇ ರೋಟರಿನ ನಕ್ಷೆ. ನಾಲ್ಕು ಕೊಂಬಿನಲ್ಲಿ ಎರಡು ಆಗಲೇ ಕತ್ತರಿಗೆ ಹೋಗಿದ್ದವು. ಅಣ್ಣನೇ ಹೇಳಿದ್ದಂತೆ, ತಪ್ಪು ನಕ್ಷೆ ಇಟ್ಟುಕೊಂಡು ಏನು ಮಾಡುವುದು, ನಿನಗೆ ಉಪಯೋಗಕ್ಕೆ ಬರುತ್ತೆ, ತಗೋ ಎಂದು. ಅಷ್ಟು ಹೇಳಲು ಅವರಿಗೆ ಇಡೀ ಬೆಳಿಗ್ಗೆ ಹಿಡಿಯಿತು ಎಂದಳು ತಂಗಿ.

ತಂತಿಯಕ್ಕ ಅವಳ ಕೈಯಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟಳು. ಮಂಚದ ಪಕ್ಕ ನೆಲದ ಮೇಲೆ ಕೂತಳು. ಕೂತು ಹೇಳಿದಳು. ಏಳೂವರೆಗೆ ಕಬ್ಬಿಣ ಕಾದದ್ದು, ಹನ್ನೊಂದಕ್ಕೆ ಕರೆಂಟು ಹೋದದ್ದು, ಗೋಣಿ ಹೊದಿಸಿದ್ದು, ಹನ್ನೆರಡೂವರೆಗೆ ಬಂದದ್ದು, ಬಾಗಿಲು ಬೆಚ್ಚಗಿದ್ದದ್ದು, ಮೂರೂವರೆಗೆ ನಾಲ್ಕೂವರೆ ಕೂಡಿಸಿದ್ದು, ವಾಸನೆ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಹೆಚ್ಚು ಮಾಡಲಿಲ್ಲ. ಒಳಗೆ ಹಸಿಯಿತ್ತು ಸಾರ್, ನನಗೆ ಗೊತ್ತಿತ್ತು ಎಂದಳು.

ತಂಗಿ ಗೋಡೆಗೆ ಒರಗಿ ನಿಂತಿದ್ದಳು. "ಏಳು ತಿಂಗಳು" ಎಂದಳು. "ಏಳು ತಿಂಗಳು ಇದೇ ಮೇಜಿನ ಮುಂದೆ ಕೂತು ನನ್ನ ಕೈಲಿ ಟೀ ಇಸ್ಕೊಂಡು ಕುಡಿದ್ರಲ್ಲ ಅಕ್ಕ ನೀವು."

ಮಂಚದಲ್ಲಿದ್ದವರು ಎಡಗೈ ಸ್ವಲ್ಪ ಎತ್ತಿದರು, ತಂಗಿಗೆ ಸುಮ್ಮನಿರು ಎನ್ನುವ ಹಾಗೆ. ಕೋಪ ಅವರ ಮುಖದಲ್ಲಿ ಇತ್ತೋ ಇಲ್ಲವೋ, ಒಂದು ಪಕ್ಕ ಜೋತುಬಿದ್ದ ಮುಖದಲ್ಲಿ ಗುರುತು ಹಿಡಿಯಲು ಆಗಲಿಲ್ಲ. ಸೂರು ನೋಡುತ್ತಿದ್ದರು. ಎಡಗೈಯ ಬೆರಳು ಹೊದಿಕೆಯ ಮೇಲೆ ಮೆಲ್ಲಗೆ ಆಡುತ್ತಿತ್ತು, ಏನನ್ನೋ ಬರೆದು ಕಳೆದು ಕೂಡಿಸುವ ಹಾಗೆ. ಬಹಳ ಹೊತ್ತು ಆಡಿತು.

ತಂತಿಯಕ್ಕ ಏನು ಅಂದರೂ ಕೇಳಿಸಿಕೊಳ್ಳಲು ಸಿದ್ಧಳಾಗಿ ಕೂತಿದ್ದಳು. ಯಾಕೆ ಹೇಳಲಿಲ್ಲ ಎಂದು ಕೇಳಬಹುದು, ಎದ್ದು ಹೋಗಿ ಎನ್ನಬಹುದು. ಬೆಣೆ ಮುರಿದದ್ದು ಒಳಗಿನ ಹಸಿಯಿಂದಲೋ, ಬೆಣೆಯೇ ಸಾಲದೆಯೋ, ಅಥವಾ ಎರಡೂ ಸೇರಿಯೋ, ಅದನ್ನು ಹೇಳಬೇಕಾದರೆ ಇನ್ನೊಂದು ರೋಟರು ಸುತ್ತಿ, ಸರಿಯಾಗಿ ಬೇಯಿಸಿ, ಹನ್ನೆರಡು ಸಾವಿರದಲ್ಲಿ ಓಡಿಸಿ ನೋಡಬೇಕಿತ್ತು. ಶೆಡ್ಡು ಇರಲಿಲ್ಲ, ಗುಂಡಿಯನ್ನು ಮುಚ್ಚಿ ಆಗಿತ್ತು, ನಕ್ಷೆ ಅರ್ಧ ತೋಳಾಗಿತ್ತು. ಅಂಕಿ ಕೂಡಿಸುವುದು ಬಿಟ್ಟು ಬೇರೆ ಲೆಕ್ಕ ಬಾರದ ಹೆಂಗಸು ಅವಳು. ಇದಾದ ಒಂಬತ್ತನೇ ದಿನಕ್ಕೆ ಅವರು ತೀರಿಕೊಂಡರು. ಆ ಒಂಬತ್ತು ದಿನವೂ ಅವಳು ಹೋಗಿ ಪಕ್ಕದಲ್ಲಿ ಕೂತು ಬಂದಳು, ಅವರು ಮತ್ತೆ ಮಾತಾಡಲಿಲ್ಲ. ಅವರ ಕೊನೆಯ ಮಾತು ಆ ಮಧ್ಯಾಹ್ನದ್ದೇ. ಬೆರಳು ಆಡುವುದು ನಿಂತ ಮೇಲೆ ಅವರು ಕತ್ತು ಅವಳ ಕಡೆ ತಿರುಗಿಸಿದರು. ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಎತ್ತಿಕೊಂಡು ಕೇಳಿದರು.

"ಹಾಗಾದ್ರೆ... ನನ್ನ ಲೆಕ್ಕ... ಸರಿ ಇತ್ತಾ ಅಕ್ಕ?"